ಐದೂ ಸ್ವರ ಒಂದೊಂದೇ ಸಲ ಬರುವ ಉದ್ದದ ಇಂಗ್ಲಿಷ್ ಪದಗಳು ಬೇಕು, ಅರ್ಥ ಸಮೇತ

ಕುಮಟಾ ತರಕಾರಿ (ಪ್ರಶ್ನೆ)

ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು. ಬರೆಯುತ್ತಿರುವುದು ಇದೇ ಮೊದಲು.

ಕುಮಟಾದಲ್ಲಿ ನನ್ನದೊಂದು ತರಕಾರಿ ಅಂಗಡಿ. ಮಗಳು ಎಂಟನೇ ಕ್ಲಾಸು. ಅವಳ ಇಂಗ್ಲಿಷ್ ಅಕ್ಕೋರು ಮನೆಗೆಲಸ ಕೊಟ್ಟಿದ್ದಾರೆ. ಎ, ಇ, ಐ, ಒ, ಯು, ಈ ಐದೂ ಸ್ವರ ಒಂದೇ ಪದದಲ್ಲಿ ಬರಬೇಕು. ಒಂದೊಂದೂ ಒಂದೇ ಸಲ. ಪದದಲ್ಲಿ ಒಂಬತ್ತು ಅಕ್ಷರಕ್ಕಿಂತ ಕಡಿಮೆ ಇರಬಾರದು. ಅಂಥವು ಹತ್ತು, ಅರ್ಥದ ಜೊತೆ. ಸೋಮವಾರ ಕೊಡಬೇಕು. ಮಕ್ಕಳು ಮೊಬೈಲ್ ನೋಡಬಾರದು, ಮನೆಯವರನ್ನು ಕೇಳಬಹುದು ಅಂತ ನಿಯಮ. ಮನೆಯವರು ಮೊಬೈಲ್ ನೋಡಬಾರದು ಅಂತ ಅಕ್ಕೋರು ಹೇಳಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ನಿನ್ನೆ ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು ಮೂವರೂ ಕೂತೆವು. ಮಗಳು ಮೊದಲಿಗೇ ಎಜುಕೇಷನ್ ಅಂದಳು. ಇ-ಡಿ-ಯು-ಸಿ-ಎ-ಟಿ-ಐ-ಒ-ಎನ್. ಸರಿಯಾಯಿತು. ಒಂಬತ್ತೇ ಅಕ್ಷರ, ಐದೂ ಸ್ವರ. ಅದೇ ಹುರುಪಿನಲ್ಲಿ ನಾನು ಆಟೊಮೊಬೈಲ್ ಅಂದೆ. ಬರೆದು ನೋಡಿದರೆ ಒ ಎರಡು ಸಲ. ಕಮ್ಯುನಿಕೇಷನ್ ಅಂದೆ. ಅದರಲ್ಲಿ ಇ ಇಲ್ಲವೇ ಇಲ್ಲ. ಹನ್ನೊಂದು ಗಂಟೆಯಾದರೂ ಎಜುಕೇಷನ್ ಒಂದೇ. ಗೋಡೆ ಕಡೆ ಮಲಗಿದ್ದ ನನ್ನ ಅಮ್ಮ, "ನಮ್ಮಲ್ಲಿ ಹದಿಮೂರು ಸ್ವರ, ಅವರದ್ದು ಬರೀ ಐದು. ಐದನ್ನು ಒಟ್ಟುಮಾಡಲಿಕ್ಕೆ ಇಷ್ಟು ರಗಳೆಯಾ" ಅಂದು ಮಗ್ಗುಲು ಬದಲಿಸಿದರು.

ಇನ್ನೊಂದು ಪ್ರಶ್ನೆ ಮಗಳದ್ದು. ಎರಡು ಪದದಲ್ಲಿ ಅಕ್ಷರ ಒಂದೇ ಥರ ಇದ್ದರೆ ಅರ್ಥವೂ ಹತ್ತಿರ ಇರುತ್ತದಾ ಅಂತ ಕೇಳಿದಳು. ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಒಂದು ವಿನಂತಿ. ಪದವನ್ನು ಕನ್ನಡದಲ್ಲೇ ಅಕ್ಷರ ಬಿಡಿಸಿ ಬರೆಯಿರಿ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ನಾನು ಜೋರಾಗಿ ಓದುತ್ತೇನೆ, ಅವಳು ಬರೆದುಕೊಳ್ಳುತ್ತಾಳೆ.

ಭಟ್ಕಳ ಮಲ್ಲಿಗೆ

ಇದಕ್ಕೆ ಇಷ್ಟು ಯೋಚನೆ ಯಾಕೆ ಮಾರಾಯ್ರೆ. ಎಜುಕೇಷನ್ ಆದ ಮೇಲೆ ಎವಾಲ್ಯುಯೇಷನ್. ಮೌಲ್ಯಮಾಪನ. ಇನ್ನೊಂದು ಮೌಂಟೇನಿಯರಿಂಗ್, ಬೆಟ್ಟ ಹತ್ತುವುದು. ಎರಡು ಸಿಕ್ಕಿತು ನೋಡಿ.

ಕುಮಟಾ ತರಕಾರಿ

ಮಗಳು ಪೆನ್ಸಿಲ್ ಹಿಡಿದು ಕೂತಿದ್ದಳು. ಎವಾಲ್ಯುಯೇಷನ್‌ನಲ್ಲಿ ಎ ಎರಡು ಸಲ ಅಂತೆ. ಮೌಂಟೇನಿಯರಿಂಗ್‌ನಲ್ಲಿ ಇ ಎರಡು, ಐ ಎರಡು. ಆದರೂ ಥ್ಯಾಂಕ್ಸ್. ನನ್ನ ಥರದವರು ಇನ್ನೊಬ್ಬರು ಇದ್ದೀರಿ ಅಂತ ಸಮಾಧಾನ ಆಯಿತು.

ಸೀನಿಯರ್ ಗ್ರೇಡ್, ಶಿರಸಿ

ಕುಮಟಾದವರೆ, ನಾನು ಶಿರಸಿಯಲ್ಲಿ 24 ವರ್ಷ ಟೈಪಿಂಗ್ ಕಲಿಸಿದವನು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಮಾಳಿಗೆ ಮೇಲೆ, ಹನ್ನೊಂದು ಮೆಷಿನು. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ, ಕೆಳಗೆ ಹನ್ನೊಂದು ಮೆಷಿನ್ನಿನ ಸದ್ದು. ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಈಗ ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ನಾನು ಇಂಗ್ಲಿಷ್ ಪಂಡಿತ ಅಲ್ಲ. ಇಂಗ್ಲಿಷ್ ಪದಗಳ ಪರಿಚಯ ನನಗೆ ಆದದ್ದು ಬೆರಳಿನಿಂದ.

ಕೂಸಿಗೆ ಒಂದು ಉಪಾಯ ಹೇಳಿಕೊಡಿ. ಇಂಥ ಪದವನ್ನು ತಲೆಯಿಂದ ಹುಡುಕಬಾರದು, ಬಾಲ ಹಿಡಿದು ಹುಡುಕಬೇಕು. ಐ-ಒ-ಯು-ಎಸ್ ಅಂತ ಮುಗಿಯುವ ಪದ ಇಂಗ್ಲಿಷಿನಲ್ಲಿ ರಾಶಿ ಇವೆ. ಬಾಲದಲ್ಲೇ ಮೂರು ಸ್ವರ ಬಂದುಬಿಟ್ಟಿತು ಅಲ್ವಾ? ಇನ್ನು ಮುಂದುಗಡೆ ಒಂದು ಎ, ಒಂದು ಇ ಇದ್ದರೆ ಆಯಿತು.

ಟೆನೇಷಿಯಸ್. ಟಿ-ಇ-ಎನ್-ಎ-ಸಿ-ಐ-ಒ-ಯು-ಎಸ್. ಹಿಡಿದದ್ದನ್ನು ಬಿಡದ. ನಮ್ಮ ಕಡೆ ಮಳೆಗಾಲದ ಉಂಬಳ, ಅಂದರೆ ಜಿಗಣೆ ಇದೆಯಲ್ಲ, ಅದು ಟೆನೇಷಿಯಸ್.

ಪ್ರಿಕೇರಿಯಸ್. ಪಿ-ಆರ್-ಇ-ಸಿ-ಎ-ಆರ್-ಐ-ಒ-ಯು-ಎಸ್. ಯಾವ ಹೊತ್ತಿಗೆ ಏನಾಗುತ್ತದೋ ಅನ್ನುವ ಸ್ಥಿತಿ. ಇದರ ಲ್ಯಾಟಿನ್ ಮೂಲ ಬೇಡಿಕೊಳ್ಳುವುದಕ್ಕೆ, ಪ್ರಾರ್ಥನೆಗೆ ಸಂಬಂಧಪಟ್ಟದ್ದು. ಇನ್ನೊಬ್ಬರ ದಯೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ. ಜುಲೈ ತಿಂಗಳಲ್ಲಿ ದೇವಿಮನೆ ಘಾಟಿ ಇಳಿಯುವ ಬಸ್ಸಿನಲ್ಲಿ ಕೂತು ದೇವರ ಹೆಸರು ಹೇಳಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಿಗೇರಿಯಸ್. ಜಿ-ಆರ್-ಇ-ಜಿ-ಎ-ಆರ್-ಐ-ಒ-ಯು-ಎಸ್. ಗುಂಪು ಕಟ್ಟಿಕೊಂಡು ಇರುವ, ಜನ ಸೇರಿದಲ್ಲಿ ಖುಷಿಪಡುವ. ಮೆಂಡೇಷಿಯಸ್, ಎಂ-ಇ-ಎನ್-ಡಿ-ಎ-ಸಿ-ಐ-ಒ-ಯು-ಎಸ್, ಸುಳ್ಳು ಹೇಳುವ. ನೆಫೇರಿಯಸ್, ಎನ್-ಇ-ಎಫ್-ಎ-ಆರ್-ಐ-ಒ-ಯು-ಎಸ್, ದುಷ್ಟ.

ಇವುಗಳಲ್ಲೇ ಎರಡು ಪದ ಇನ್ನೂ ಮೇಲು. ಫೆಸೀಷಿಯಸ್, ಎಫ್-ಎ-ಸಿ-ಇ-ಟಿ-ಐ-ಒ-ಯು-ಎಸ್. ಮತ್ತೊಂದು ಅಬ್‌ಸ್ಟೀಮಿಯಸ್, ಎ-ಬಿ-ಎಸ್-ಟಿ-ಇ-ಎಂ-ಐ-ಒ-ಯು-ಎಸ್. ಓದಿ ನೋಡಿ. ಎ, ಇ, ಐ, ಒ, ಯು. ಕ್ರಮ ತಪ್ಪದೆ, ಬಾಲವಾಡಿ ಮಕ್ಕಳು ಸಾಲಾಗಿ ಹೋದ ಹಾಗೆ. ಮೊದಲನೆಯದು, ಗಂಭೀರ ಮಾತಿನ ನಡುವೆ ಹೊತ್ತುಗೊತ್ತಿಲ್ಲದೆ ತಮಾಷೆ ಮಾಡುವ. ಎರಡನೆಯದು, ಊಟ ಕುಡಿತದಲ್ಲಿ ಮಿತಿ ಇಟ್ಟುಕೊಂಡ. ಅದರ ಒಳಗೆ ಹೆಂಡ ಅನ್ನುವ ಅರ್ಥದ ಹಳೆಯ ಲ್ಯಾಟಿನ್ ಪದ ಅಡಗಿದೆ. ಹೆಂಡದಿಂದ ದೂರ ಇರುವವ ಅಂತ ಶುರುವಾಗಿ ಊಟಕ್ಕೂ ಹಬ್ಬಿತು.

ಇನ್ನೊಂದು ಬಾಲ, ಟಿ-ಐ-ಒ-ಎನ್. ಇದರಲ್ಲಿ ಎರಡು ಸ್ವರ ಸಿಗುತ್ತವೆ, ಮುಂದುಗಡೆ ಮೂರು ಬೇಕು. ರೆಪ್ಯುಟೇಷನ್, ಆರ್-ಇ-ಪಿ-ಯು-ಟಿ-ಎ-ಟಿ-ಐ-ಒ-ಎನ್, ಹೆಸರು ಮರ್ಯಾದೆ. ರೆಗ್ಯುಲೇಷನ್, ಆರ್-ಇ-ಜಿ-ಯು-ಎಲ್-ಎ-ಟಿ-ಐ-ಒ-ಎನ್, ನಿಯಮ. ಪ್ರಿಕಾಷನ್, ಪಿ-ಆರ್-ಇ-ಸಿ-ಎ-ಯು-ಟಿ-ಐ-ಒ-ಎನ್, ಮುಂಜಾಗ್ರತೆ. ಎಕ್ಸಾಷನ್, ಇ-ಎಕ್ಸ್-ಎಚ್-ಎ-ಯು-ಎಸ್-ಟಿ-ಐ-ಒ-ಎನ್, ಸುಸ್ತು. ನಿಮ್ಮ ಎಜುಕೇಷನ್ ಕೂಡ ಇದೇ ಬಾಲದ್ದು. ಹತ್ತು ದಾಟಿತು.

ಇನ್ನು ಕೂಸಿನ ಪ್ರಶ್ನೆ. ಅದು ನಿಮ್ಮ ಪ್ರಶ್ನೆಗಿಂತ ಚೆನ್ನಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಅಕ್ಷರ ಹೊಂದುವುದರಲ್ಲಿ ಎರಡು ಥರ. ಒಂದು ಸುಮ್ನೆ ಜೊತೆಗೆ ಸಿಕ್ಕಿದ್ದು, ಇನ್ನೊಂದು ನೆಂಟಸ್ತನ.

ಸುಮ್ನೆ ಸಿಕ್ಕಿದ್ದಕ್ಕೆ ನನ್ನ ಕ್ಲಾಸಿನದೇ ಉದಾಹರಣೆ ಕೊಡುತ್ತೇನೆ. ಟೈಪ್‌ರೈಟರ್ ಅನ್ನುವ ಪದವನ್ನು ಮೆಷಿನ್ನಿನ ಮೇಲಿನ ಒಂದೇ ಸಾಲಿನಲ್ಲಿ ಹೊಡೆಯಬಹುದು. ಟಿ-ವೈ-ಪಿ-ಇ-ಡಬ್ಲ್ಯು-ಆರ್-ಐ-ಟಿ-ಇ-ಆರ್. ಬೆರಳು ಕೆಳಗೆ ಇಳಿಯಬೇಕಾಗಿಲ್ಲ. ಅದೇ ಸಾಲಿನಲ್ಲಿ ಪ್ರೊಪ್ರೈಟರ್ ಅನ್ನುವುದೂ ಬರುತ್ತದೆ, ಮಾಲೀಕ. ಪಿ-ಆರ್-ಒ-ಪಿ-ಆರ್-ಐ-ಇ-ಟಿ-ಒ-ಆರ್. ಎರಡಕ್ಕೂ ಹತ್ತತ್ತು ಅಕ್ಷರ. ಅರ್ಥದಲ್ಲಿ ಏನೇನೂ ಸಂಬಂಧ ಇಲ್ಲ. ಇದ್ದರೆ ನಾನೊಬ್ಬನೇ ಸಂಬಂಧ. ನಾನು ಟೈಪ್‌ರೈಟರಿನ ಪ್ರೊಪ್ರೈಟರ್ ಆಗಿದ್ದೆ. ನನ್ನ ಬೋರ್ಡ್ ಬರೆದ ಪೇಂಟರ್ ಜಾಗ ಸಾಲದೆ ನನ್ನ ಹೆಸರಿನ ಹಿಂದೆ "ಪ್ರೊ." ಅಂತ ಮಾತ್ರ ಬರೆದ. ಆಮೇಲೆ ಏಳೆಂಟು ವರ್ಷ ಹಳ್ಳಿ ಕಡೆಯಿಂದ ಬಂದ ಪಾಲಕರು ನನ್ನನ್ನು ಪ್ರೊಫೆಸರ್ ಅಂತ ಕರೆದರು. ನಾನೂ ತಿದ್ದಲಿಲ್ಲ.

ಎಡಗೈ ಒಂದರಲ್ಲೇ ಹೊಡೆಯುವ ಪದಕ್ಕೆ ಸ್ಟೀವರ್ಡೆಸಸ್ ಕೊಡುತ್ತಿದ್ದೆ. ಎಸ್-ಟಿ-ಇ-ಡಬ್ಲ್ಯು-ಎ-ಆರ್-ಡಿ-ಇ-ಎಸ್-ಎಸ್-ಇ-ಎಸ್. ಹನ್ನೆರಡು ಅಕ್ಷರ, ಬಲಗೈ ತೊಡೆ ಮೇಲೆ ಇಟ್ಟುಕೊಳ್ಳಬಹುದು. ವಿಮಾನದಲ್ಲಿ ಊಟ ತಿಂಡಿ ಕೊಡುವ ಹೆಣ್ಣುಮಕ್ಕಳು ಅಂತ ಅರ್ಥ. ಬಲಗೈಗೆ ಪಾಲಿಫೊನಿ, ಪಿ-ಒ-ಎಲ್-ವೈ-ಪಿ-ಎಚ್-ಒ-ಎನ್-ವೈ. ಹಲವು ದನಿ ಒಟ್ಟಿಗೆ ಹಾಡುವುದು. ಇಲ್ಲೂ ಅಕ್ಷರ ಕೂಡಿಸಿದ್ದು ಕೀಬೋರ್ಡ್, ಅರ್ಥ ಅಲ್ಲ.

ನೆಂಟಸ್ತನಕ್ಕೆ ಮೇಲೆ ಬಂದ ಗ್ರಿಗೇರಿಯಸ್ ನೋಡಿ. ಒಳಗಿನ ಜಿ-ಆರ್-ಇ-ಜಿ ಅಂದರೆ ಲ್ಯಾಟಿನ್ನಿನಲ್ಲಿ ಮಂದೆ, ದನ ಕುರಿಗಳ ಹಿಂಡು. ಅದೇ ನಾಲ್ಕು ಅಕ್ಷರ ಕಾಂಗ್ರಿಗೇಷನ್‌ನಲ್ಲಿದೆ, ಮಂದೆ ಒಟ್ಟು ಸೇರುವುದು. ಸೆಗ್ರಿಗೇಷನ್‌ನಲ್ಲಿದೆ, ಮಂದೆಯಿಂದ ಬೇರೆ ಮಾಡುವುದು. ಪಂಚಾಯಿತಿ ಗಾಡಿಯವರು ಹಸಿ ಕಸ ಒಣ ಕಸ ಬೇರೆ ಮಾಡಿ ಅನ್ನುತ್ತಾರಲ್ಲ, ಅದಕ್ಕೂ ಇದೇ ಪದ. ಇಗ್ರೀಜಿಯಸ್ ಅಂತ ಇನ್ನೊಂದಿದೆ. ಮಂದೆಯಿಂದ ಹೊರಗೆ ಎದ್ದು ಕಾಣುವ. ಮೊದಲು ಅದು ಹೊಗಳಿಕೆಯಾಗಿತ್ತು, ಈಗ ಕಣ್ಣಿಗೆ ರಾಚುವಷ್ಟು ಕೆಟ್ಟದ್ದು ಅನ್ನುವ ಅರ್ಥ. ಊರಿನಲ್ಲಿ ಜಾಸ್ತಿ ಎದ್ದು ಕಂಡವರ ಗತಿ ಎಲ್ಲ ಕಡೆಯೂ ಅದೇ.

ಕೊನೆಗೆ ನನಗೆ ಇಷ್ಟದ ಎರಡು. ಎರಡಕ್ಕೂ ಹದಿನೈದು ಅಕ್ಷರ, ಒಂದು ಅಕ್ಷರವೂ ಎರಡನೇ ಸಲ ಬರುವುದಿಲ್ಲ.

ಮೊದಲನೆಯದು ಅನ್‌ಕಾಪಿರೈಟಬಲ್. ಯು-ಎನ್-ಸಿ-ಒ-ಪಿ-ವೈ-ಆರ್-ಐ-ಜಿ-ಎಚ್-ಟಿ-ಎ-ಬಿ-ಎಲ್-ಇ. ನಿಮ್ಮ ಅಕ್ಕೋರ ನಿಯಮಕ್ಕೂ ಹೊಂದುತ್ತದೆ, ಐದು ಸ್ವರವನ್ನೂ ಎಣಿಸಿ ನೋಡಿ. ಯಾರೂ ತಮ್ಮ ಸ್ವತ್ತು ಅಂತ ಹಕ್ಕು ಕಟ್ಟಿಕೊಳ್ಳಲು ಬಾರದ್ದು. ಶಿರಸಿಯಿಂದ ಕುಮಟೆಗೆ ಬಸ್ಸು ಎಷ್ಟು ಗಂಟೆಗೆ ಅನ್ನುವ ಸುದ್ದಿ ಇದೆಯಲ್ಲ, ಅಂಥದ್ದು.

ಎರಡನೆಯದು ಡರ್ಮಟೊಗ್ಲಿಫಿಕ್ಸ್. ಡಿ-ಇ-ಆರ್-ಎಂ-ಎ-ಟಿ-ಒ-ಜಿ-ಎಲ್-ವೈ-ಪಿ-ಎಚ್-ಐ-ಸಿ-ಎಸ್. ಇದರಲ್ಲಿ ಯು ಇಲ್ಲ, ಪಟ್ಟಿಗೆ ಹಾಕಬೇಡಿ. ಡರ್ಮ ಅಂದರೆ ಚರ್ಮ. ಗ್ಲಿಫ್ ಅಂದರೆ ಕೆತ್ತಿದ್ದು. ಈಜಿಪ್ಟಿನ ಚಿತ್ರಲಿಪಿಯ ಹೆಸರಿನಲ್ಲೂ, ಹೈರೊಗ್ಲಿಫಿಕ್ಸ್‌ನಲ್ಲೂ ಅದೇ ಗ್ಲಿಫ್. ಬೆರಳು, ಅಂಗೈ, ಅಂಗಾಲಿನ ಗೆರೆಗಳನ್ನು ಓದುವ ವಿದ್ಯೆ. ಜ್ಯೋತಿಷ್ಯ ಅಲ್ಲ, ವಿಜ್ಞಾನ. ಹೆರಾಲ್ಡ್ ಕಮಿನ್ಸ್ ಅನ್ನುವ ಅಮೆರಿಕದ ವಿಜ್ಞಾನಿ 1926ರಲ್ಲಿ ಕಟ್ಟಿದ ಪದ.

ಈ ಪದ ನನಗೆ ನೆನಪು ಉಳಿದದ್ದು ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಅಕ್ಕನಿಂದ. ರೇಷನ್ ಅಂಗಡಿಯಲ್ಲಿ ಅವರ ಬೆರಳು ಮೆಷಿನ್ನಿಗೆ ಹತ್ತಲಿಲ್ಲ. ಹೆಬ್ಬೆರಳು ಒತ್ತಿದರು, ತೋರುಬೆರಳು ಒತ್ತಿದರು, ಸೆರಗಿನಿಂದ ಒರೆಸಿ ಮತ್ತೆ ಒತ್ತಿದರು. ಕೆಂಪು ದೀಪವೇ. ಮೂವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತ ಬೆರಳು. ಚೊಗರು ಕೂತು ಕಪ್ಪಾಗಿ, ಗೆರೆ ಸವೆದು ನುಣ್ಣಗಾಗಿದೆ. ಆ ತಿಂಗಳು ಅಕ್ಕಿ ಸಿಗಲಿಲ್ಲ. ನಾನು ಮನೆಗೆ ಬಂದು ನನ್ನ ಹೆಬ್ಬೆರಳು ನೋಡಿಕೊಂಡೆ. ಟೈಪಿಂಗಿನಲ್ಲಿ ಹೆಬ್ಬೆರಳಿಗೆ ಸ್ಪೇಸ್‌ಬಾರ್ ಬಿಟ್ಟರೆ ಬೇರೆ ಕೆಲಸ ಇಲ್ಲ. ಗೆರೆ ಎಲ್ಲ ಹಾಗೇ ಇತ್ತು.

ಕಾಳಿ ದಂಡೆ, ಕಾರವಾರ

ಮಾಸ್ತರ್ರೆ, ಓದಿ ಖುಷಿಯಾಯಿತು. ನಾನು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಸುಮ್ನೆ ಸಿಕ್ಕಿದ್ದು ಅಂದಿರಲ್ಲ, ಅದಕ್ಕೆ ನನ್ನ ಕಡೆಯಿಂದ ಒಂದು ಜೋಡಿ.

ಸಿನಿಮಟೊಗ್ರಾಫರ್. ಸಿ-ಐ-ಎನ್-ಇ-ಎಂ-ಎ-ಟಿ-ಒ-ಜಿ-ಆರ್-ಎ-ಪಿ-ಎಚ್-ಇ-ಆರ್. ಸಿನಿಮಾದ ಛಾಯಾಗ್ರಾಹಕ. ಇನ್ನೊಂದು ಮೆಗಕೈರಾಪ್ಟರನ್. ಎಂ-ಇ-ಜಿ-ಎ-ಸಿ-ಎಚ್-ಐ-ಆರ್-ಒ-ಪಿ-ಟಿ-ಇ-ಆರ್-ಎ-ಎನ್. ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಗುಂಪಿನದ್ದು. ಎರಡರಲ್ಲೂ ಅವೇ ಹದಿನೈದು ಅಕ್ಷರ, ಒಂದೂ ಜಾಸ್ತಿ ಇಲ್ಲ, ಒಂದೂ ಕಡಿಮೆ ಇಲ್ಲ. ಜಾಗ ಮಾತ್ರ ಬೇರೆ. ನಾನು ನಂಬದೆ ಕಾಗದದ ಚೂರುಗಳ ಮೇಲೆ ಅಕ್ಷರ ಬರೆದು ಹಾಸಿಗೆ ಮೇಲೆ ಹರಡಿ ಜೋಡಿಸಿ ನೋಡಿದೆ. ಫ್ಯಾನ್ ಹಾಕಿದ್ದು ಮರೆತಿದ್ದೆ, ಎರಡು ಸಲ ಜೋಡಿಸಬೇಕಾಯಿತು.

ಬಾವಲಿ ಪರಿಚಯ ಶಿರಸಿಯವರಿಗೆ ನಾನು ಮಾಡಿಸಬೇಕಾಗಿಲ್ಲ. ನನ್ನ ಅಜ್ಜನ ಮನೆಯ ತೋಟದಲ್ಲಿ ರಾತ್ರಿ ಹಣ್ಣಡಿಕೆಯ ಸಿಪ್ಪೆ ಚೀಪಿ ಅಡಿಕೆಯನ್ನು ಕೆಳಗೆ ಹಾಕಿ ಹೋಗುತ್ತಿದ್ದವು. ಬೆಳಿಗ್ಗೆ ಹೆಕ್ಕಿ ತರುವುದು ಮಕ್ಕಳ ಕೆಲಸ. ನಾರು ಎದ್ದು, ಎಂಜಲಿನಿಂದ ಅಂಟಂಟಾಗಿ ಇರುತ್ತಿತ್ತು.

ಈಗ ನೆಂಟಸ್ತನಕ್ಕೆ ಬರುತ್ತೇನೆ. ಆ ಬಾವಲಿ ಪದದಲ್ಲಿ ಪಿ-ಟಿ-ಇ-ಆರ್ ಇದೆ ನೋಡಿ. ಗ್ರೀಕಿನಲ್ಲಿ ಟೆರಾನ್ ಅಂದರೆ ರೆಕ್ಕೆ, ಬರೆಯುವಾಗ ಮುಂದೆ ಒಂದು ಪಿ ಇರುತ್ತದೆ. ಅದಕ್ಕೂ ಮೊದಲು ಬರುವ ಕೈರೊ ಅಂದರೆ ಕೈ. ನಮ್ಮ ಕೈಗೂ ಅದಕ್ಕೂ ಸಂಬಂಧ ಇಲ್ಲ, ಅದು ಮಾಸ್ತರು ಹೇಳಿದ ಸುಮ್ನೆ ಸಿಕ್ಕಿದ್ದು. ಆದರೆ ನೆನಪಿಟ್ಟುಕೊಳ್ಳಲು ಒಳ್ಳೆಯದಾಯಿತು. ಕೈಯೇ ರೆಕ್ಕೆಯಾದ ಪ್ರಾಣಿ. ಬಾವಲಿಯ ರೆಕ್ಕೆಯನ್ನು ಬಿಡಿಸಿ ನೋಡಿದರೆ ಉದ್ದುದ್ದ ಬೆರಳುಗಳ ನಡುವೆ ತೊಗಲು ಅಷ್ಟೇ.

ಈ ಪಿ-ಟಿ-ಇ-ಆರ್ ಹಿಡಿದು ಹೊರಟರೆ ಕೀಟಗಳೆಲ್ಲ ಸಿಗುತ್ತವೆ. ಡಿಪ್ಟೆರಾ, ಎರಡು ರೆಕ್ಕೆಯವು, ನೊಣ ಸೊಳ್ಳೆ. ಲೆಪಿಡಾಪ್ಟೆರಾ, ರೆಕ್ಕೆ ಮೇಲೆ ಹುರುಪೆ ಇರುವವು, ಚಿಟ್ಟೆ ಪತಂಗ. ಚಿಟ್ಟೆ ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದಲ್ಲ, ಅದೇ ಹುರುಪೆ. ಕೋಲಿಯಾಪ್ಟೆರಾ, ಒರೆಯಂಥ ಗಟ್ಟಿ ರೆಕ್ಕೆಯವು, ದುಂಬಿ. ಹೈಮೆನಾಪ್ಟೆರಾ, ತೆಳು ಪೊರೆಯ ರೆಕ್ಕೆಯವು, ಜೇನು ಕಣಜ ಇರುವೆ.

ಇನ್ನೊಂದು ಪದ ನಮ್ಮ ತಲೆ ಮೇಲೆಯೇ ಹಾರುತ್ತಿರುತ್ತದೆ. ಇಲ್ಲಿ ನೌಕಾನೆಲೆ ಇರುವುದರಿಂದ ಬೀಚಿಗೆ ಹೋದಾಗ ಹೆಲಿಕಾಪ್ಟರ್ ಕಾಣುತ್ತದೆ. ಎಲ್ಲರೂ ಅದನ್ನು ಹೆಲಿ ಮತ್ತು ಕಾಪ್ಟರ್ ಅಂತ ಒಡೆಯುತ್ತಾರೆ. ಅದು ಒಡೆಯುವ ಜಾಗ ಅಲ್ಲ. ಹೆಲಿಕೊ ಅಂದರೆ ಸುರುಳಿ, ಉಳಿದದ್ದು ಪಿ-ಟಿ-ಇ-ಆರ್. ಸುರುಳಿ ರೆಕ್ಕೆ. ಅಂದರೆ ಬಾವಲಿಗೂ ಹೆಲಿಕಾಪ್ಟರಿಗೂ ಹೆಸರಿನಲ್ಲಿ ರೆಕ್ಕೆ ಒಂದೇ.

ಭಟ್ಕಳ ಮಲ್ಲಿಗೆ

ನಾನು ಮೊದಲ ಸಲ ತಪ್ಪಿದ್ದಕ್ಕೆ ಇದು ದಂಡ. ಇಂಗ್ಲಿಷ್ ನಿಘಂಟುಗಳಲ್ಲಿರುವ ಅತಿ ಉದ್ದದ ಪದ, ನಲವತ್ತೈದು ಅಕ್ಷರ. ನ್ಯುಮೊನೊ ಅಲ್ಟ್ರಾ ಮೈಕ್ರೊಸ್ಕೋಪಿಕ್ ಸಿಲಿಕೊ ವೋಲ್ಕೇನೊ ಕೋನಿಯೋಸಿಸ್. ಎಲ್ಲ ಸೇರಿಸಿ ಒಂದೇ ಪದ. ಕಲ್ಲುಪುಡಿ ಧೂಳು ಒಳಗೆ ಹೋಗಿ ಬರುವ ಶ್ವಾಸಕೋಶದ ರೋಗ. ಅಕ್ಕೋರು ಬೆಚ್ಚಿಬೀಳುತ್ತಾರೆ.

ಸೀನಿಯರ್ ಗ್ರೇಡ್, ಶಿರಸಿ

ಬೇಡ ಮಾರಾಯ್ರೆ. ಅದರಲ್ಲಿ ಐ ಒಂದೇ ಆರು ಸಲ ಇದೆ, ಕೂಸಿನ ನಿಯಮಕ್ಕೆ ಹೊಂದುವುದಿಲ್ಲ. ಮೇಲಾಗಿ ಅದು ಉದ್ದ ಆಗಬೇಕು ಅಂತಲೇ ಕಟ್ಟಿದ ಪದ. 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಜೋಡಿಸಿದ್ದು. ಡಾಕ್ಟರುಗಳು ಸಿಲಿಕೋಸಿಸ್ ಅಂತ ಚಿಕ್ಕದಾಗಿ ಬರೆಯುತ್ತಾರೆ.

ಬರೀ ಉದ್ದ ಬೇಕಿದ್ದರೆ ಇದನ್ನು ಇಟ್ಟುಕೊಳ್ಳಿ. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್. ಇಪ್ಪತ್ತೊಂಬತ್ತು ಅಕ್ಷರ, ಒಂಬತ್ತು ಐ, ಇ ಒಂದೂ ಇಲ್ಲ. ಉಣ್ಣೆಯ ಎಳೆ, ಕ್ಷುಲ್ಲಕ, ಏನೂ ಅಲ್ಲದ್ದು, ಕೂದಲು, ಇಷ್ಟನ್ನೂ ಲ್ಯಾಟಿನ್ನಿನಲ್ಲಿ ಸಾಲಾಗಿ ಪೋಣಿಸಿದ್ದಾರೆ. ಯಾವುದನ್ನಾದರೂ ಲೆಕ್ಕಕ್ಕೇ ಇಲ್ಲ ಅಂತ ತಳ್ಳಿಹಾಕುವುದು ಅನ್ನುವ ಅರ್ಥ. ನಾವು ಕಾಲಕಸ ಮಾಡಿದ ಅಂತ ಏಳು ಅಕ್ಷರದಲ್ಲಿ ಮುಗಿಸಿ ಊಟಕ್ಕೆ ಏಳುತ್ತೇವೆ.

ಕುಮಟಾ ತರಕಾರಿ

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಆಯಿತು. ಮಾಸ್ತರರ ಪಟ್ಟಿಯಿಂದ ಮಗಳು ಎಂಟು ಮಾತ್ರ ತೆಗೆದುಕೊಂಡಳು. ಎಲ್ಲ ನಿಮ್ಮದೇ ಬರೆದರೆ ಸರಿಯಲ್ಲ ಅಂದಳು. ಎಜುಕೇಷನ್ ಅವಳದ್ದೇ ಇತ್ತು. ಹತ್ತನೆಯದು ಬಾಕಿ.

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಗಾಡಿ ಬಂತು. ನಾನು ಚೀಲ ಇಳಿಸುತ್ತಿದ್ದೆ, ಅವಳು ಬಿಲ್ಲು ಹಿಡಿದು ಒಂದೊಂದೇ ಓದುತ್ತಿದ್ದಳು. ಟೊಮೆಟೊ, ಬೀನ್ಸು, ಕ್ಯಾಪ್ಸಿಕಂ. ಆಮೇಲೆ ಮಾತೇ ಇಲ್ಲ. ಏನಾಯಿತು ಅಂತ ತಿರುಗಿ ನೋಡಿದರೆ ಬಿಲ್ಲಿನ ಮೇಲೆ ಬೆರಳಿಟ್ಟುಕೊಂಡು ಎಣಿಸುತ್ತಿದ್ದಾಳೆ. ಸಿ-ಎ-ಯು-ಎಲ್-ಐ-ಎಫ್-ಎಲ್-ಒ-ಡಬ್ಲ್ಯು-ಇ-ಆರ್. ಕಾಲಿಫ್ಲವರ್! ಹನ್ನೊಂದು ಅಕ್ಷರ, ಐದು ಸ್ವರ, ಒಂದೊಂದೇ ಸಲ. ಹದಿನಾರು ವರ್ಷದಿಂದ ದಿನಾ ಬೆಳಿಗ್ಗೆ ಅಂಗಡಿ ಹಲಗೆ ಮೇಲೆ ನಾನು ಅದನ್ನು ಸೀಮೆಸುಣ್ಣದಿಂದ ಬರೆಯುತ್ತೇನೆ. ಕನ್ನಡದಲ್ಲಿ ಬರೆಯುತ್ತೇನೆ, ಅದಕ್ಕೇ ಗೊತ್ತಾಗಲಿಲ್ಲ ಅಂತ ವಾದ ಮಾಡಿದೆ. ಅವಳು ಒಪ್ಪಲಿಲ್ಲ.

ಅಕ್ಕೋರ ಹತ್ತಿರ ಇದ್ದ ಪಟ್ಟಿಯಲ್ಲೂ ಅದು ಇರಲಿಲ್ಲವಂತೆ. ಅರ್ಥ ಕೇಳಿದರಂತೆ. ಹೂಕೋಸು ಅಂದಳಂತೆ.

ಸೀನಿಯರ್ ಗ್ರೇಡ್, ಶಿರಸಿ

ಭಲೆ. ಅದು ಕೂಡ ನೆಂಟಸ್ತನದ ಪದವೇ. ಮುಂದಿನ ತುಂಡು ಲ್ಯಾಟಿನ್ನಿನ ಕೋಸು, ಹಿಂದಿನದು ಹೂವು. ನಾವು ಹೂವನ್ನು ಮುಂದೆ ಇಟ್ಟೆವು, ಅವರು ಕೋಸನ್ನು ಮುಂದೆ ಇಟ್ಟರು.

ಇಲ್ಲಿ ಶಿರಸಿಯಲ್ಲಿ ಒಂದಕ್ಕೆ 40 ಹೇಳುತ್ತಿದ್ದಾರೆ, ಅದೂ ಮುಷ್ಟಿಯಷ್ಟಿದೆ. ನಿಮ್ಮಲ್ಲಿ ಎಷ್ಟು?

ಕುಮಟಾ ತರಕಾರಿ

ನಮ್ಮಲ್ಲೂ 40 ಮಾಸ್ತರ್ರೆ. ನಿಮಗೆ 35. ಹುಳ ಇಲ್ಲದ್ದು ಆರಿಸಿ ಇಡುತ್ತೇನೆ, ಘಾಟಿ ಇಳಿದು ಬನ್ನಿ.